ಉಳಿಸಿ, ಆದರೆ ಆಕೆಯ ತಟ್ಟೆಯಿಂದ ಬೇಡ

ಬೆಲೆ ಏರಿದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಳೆ, ಎಣ್ಣೆ, ಗ್ಯಾಸು, ಹಾಲು, ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಗಾಡಿಯ ಕಂತು, ಊರಿನ ಮದುವೆಗೆ ಕೊಡಬೇಕಾದ ಮುಯ್ಯಿ, ಎಲ್ಲವೂ ಸೇರಿ ತಿಂಗಳ 20ನೇ ತಾರೀಖು ದಾಟುವ ಮೊದಲೇ ಸಂಬಳವನ್ನು ನುಂಗಿಬಿಡುತ್ತವೆ. ರಾತ್ರಿ ಊಟವಾದ ಮೇಲೆ ನೀವು ಲೆಕ್ಕಕ್ಕೆ ಕೂರುತ್ತೀರಿ, ಎಲ್ಲಾದರೂ ಕಡಿಮೆ ಮಾಡಲೇಬೇಕು ಅನ್ನುತ್ತೀರಿ. ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಉಳಿತಾಯವನ್ನು ಯಾರೂ ತಪ್ಪು ಅನ್ನಲಾರರು. ನಾನು ಬೇಡಿಕೊಳ್ಳುವುದು ಇಷ್ಟೇ: ಉಳಿದ ಆ ದುಡ್ಡು ಯಾರ ಪಾಲಿನದು ಎಂದು ಒಮ್ಮೆ ನೋಡಿ.

ಯಾಕೆಂದರೆ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ದನಿ ಎತ್ತದವರ ಮೇಲೆ. ಮೊಬೈಲಿನ ಡೇಟಾ ಮುಗಿದರೆ ಮಗ ಕೂಗಾಡುತ್ತಾನೆ, ಕಂತು ತಪ್ಪಿದರೆ ಬ್ಯಾಂಕಿನವರು ಫೋನು ಮಾಡುತ್ತಾರೆ, ಭಾನುವಾರದ ಬಿರಿಯಾನಿ ತಪ್ಪಿದರೆ ಇಡೀ ಮನೆ ಮುಖ ಊದಿಸುತ್ತದೆ. ಆದರೆ ತನ್ನ ಲೋಟದ ಹಾಲನ್ನು ಮಕ್ಕಳಿಗೆ ಬಗ್ಗಿಸಿ ಕರಿ ಚಹಾ ಕುಡಿಯುವ ತಾಯಿ ಕೂಗಾಡುವುದಿಲ್ಲ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುವ ಮಾವ ಯಾರಿಗೂ ಫೋನು ಮಾಡುವುದಿಲ್ಲ. ಅಣ್ಣನಿಗೆ ಟ್ಯೂಷನ್ ಉಳಿಸಿ ತನ್ನದನ್ನು ಬಿಡಿಸಿದಾಗ ಮಗಳು ಸುಮ್ಮನೆ ತಲೆಯಾಡಿಸುತ್ತಾಳೆ. ಪಾತ್ರೆ ತೊಳೆಯಲು ಬರುವಾಕೆ ಎರಡು ದಿನದ ಸಂಬಳ ಕಡಿದದ್ದನ್ನು ಎಣಿಸಿ, ಸೆರಗಿಗೆ ಕಟ್ಟಿಕೊಂಡು ಹೊರಡುತ್ತಾಳೆ. ಇವರು ಯಾರೂ ಮಾತಾಡುವುದಿಲ್ಲ. ನಿಮಗೆ ಗೊತ್ತು. ಗೊತ್ತಿದ್ದೂ ನೀವು ಬೇರೆ ಕಡೆ ನೋಡುತ್ತೀರಿ.

ನಿಮ್ಮ ಅಡುಗೆ ಮನೆಗೇ ಒಂದು ರಾತ್ರಿ ಹೋಗಿ ನಿಲ್ಲಿ. ಎಲ್ಲರ ಊಟ ಮುಗಿದಿದೆ. ಆ ತಾಯಿ ಅನ್ನದ ಪಾತ್ರೆಯನ್ನು ಓರೆ ಮಾಡಿ, ತಳ ಹತ್ತಿದ್ದನ್ನು ಸೌಟಿನಿಂದ ಕೆರೆದು, ಹುಳಿಯ ಪಾತ್ರೆಯಲ್ಲಿ ಉಳಿದ ನೀರು ತಿಳಿಯನ್ನು ಅದರ ಮೇಲೆ ಸುರಿದುಕೊಳ್ಳುತ್ತಾಳೆ. ಹೋಳುಗಳೆಲ್ಲ ನಿಮ್ಮ ತಟ್ಟೆಗೆ ಬಂದಿದ್ದವು. ಮೊಟ್ಟೆ ಮಕ್ಕಳಿಗಾಯಿತು. ಕೇಳಿದರೆ, ನನಗೆ ಮೊದಲಿನಿಂದಲೂ ಮೊಟ್ಟೆ ಅಷ್ಟಾಗಿ ಸೇರುವುದಿಲ್ಲ ಅನ್ನುತ್ತಾಳೆ, ಕಟ್ಟೆಗೆ ಒರಗಿ ನಿಂತೇ ನಾಲ್ಕು ತುತ್ತು ಉಂಡು ಮುಗಿಸುತ್ತಾಳೆ. ಆ ಮಾತನ್ನು ನೀವು ನಂಬುವುದಿಲ್ಲ, ಆದರೆ ನಂಬಿದಂತೆ ಇದ್ದುಬಿಡುವುದು ಸುಲಭ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ ಶೇ. 57. ಕಾರಣಗಳು ಹಲವು ಇರುತ್ತವೆ, ಎಲ್ಲವೂ ತಟ್ಟೆಯವಲ್ಲ. ಆದರೂ ನಮ್ಮಲ್ಲಿ ಸುಮಾರು ಅರ್ಧದಷ್ಟು ಹೆಂಗಸರ ರಕ್ತ ತೆಳುವಾಗಿರುವಾಗ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಆಕೆ ಆಗಾಗ ಹೇಳುತ್ತಿರುವಾಗ, ಮನೆಯ ಖರ್ಚು ಹೇಗೋ ತೂಗಿತು ಎಂದು ಹೇಗೆ ಅನ್ನೋಣ? ಉಳಿಸಿ, ಖಂಡಿತ ಉಳಿಸಿ. ಆದರೆ ಆಕೆಯ ತಟ್ಟೆಯಿಂದ ಬೇಡ.

ಆಕೆ ಉಳಿಸದೇ ಇದ್ದವಳೇನಲ್ಲ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಅವಳು ಮುಚ್ಚಿಟ್ಟ ದುಡ್ಡು ಎಷ್ಟು ಮನೆಗಳ ಫೀಸು ಕಟ್ಟಿದೆ, ಎಷ್ಟು ಆಸ್ಪತ್ರೆಯ ಬಿಲ್ಲು ತೀರಿಸಿದೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ನಡೆಯುವುದಿಲ್ಲ ಎಂದಾಗ ಆ ಡಬ್ಬಿಗಳೆಲ್ಲ ಹೊರಗೆ ಬಂದವು. ಮತ್ತೆ ತುಂಬಲು ಎಷ್ಟು ಕಾಲ ಹಿಡಿಯಿತೆಂದು ಯಾರೂ ಕೇಳಲಿಲ್ಲ. 2023ರಿಂದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಆಕೆಗೆ ಬರುತ್ತಿದೆ. ಅದು ಬಂತೆಂದು, ಮನೆ ಖರ್ಚಿಗೆ ನೀವು ಕೊಡುತ್ತಿದ್ದುದರಲ್ಲಿ ಅಷ್ಟನ್ನೇ ಹಿಡಿದುಕೊಂಡಿದ್ದರೆ, ಕೈಮುಗಿದು ಕೇಳುತ್ತೇನೆ, ಹಿಂದಕ್ಕೆ ಕೊಟ್ಟುಬಿಡಿ.

ಇನ್ನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಪಾತ್ರೆ ತೊಳೆಯಲು ಒಳಗೆ ಬರುವ ಆ ಇನ್ನೊಬ್ಬಳು. ನಿಮಗೆ ಬೇಳೆ ತುಟ್ಟಿಯಾದಾಗ ಅವಳಿಗೂ ಆಗಿದೆ. ಅದೇ ಬೀದಿ, ಅದೇ ಅಂಗಡಿ, ಅದೇ ತಕ್ಕಡಿ. ನೀವು ತಿಂಗಳಿಗೆ ಉಳಿಸುವ 500 ರೂಪಾಯಿ ಅವಳ ಮನೆಯಲ್ಲಿ ಮಗುವಿನ ಹಾಲು, ಇಲ್ಲವೇ ಚೀಟಿಯ ಕಂತು, ಇಲ್ಲವೇ ಬಡ್ಡಿಯವನು ಬಾಗಿಲಿಗೆ ಬರದಂತೆ ತಡೆಯುವ ಮೊತ್ತ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇವರಿಗೆಂದೇ ಒಂದು ಒಡಂಬಡಿಕೆ ಮಾಡಿತು. ಅದಕ್ಕೆ ನಮ್ಮ ದೇಶ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ಕಾನೂನು ಅವಳ ಹಟ್ಟಿಯವರೆಗೆ ಬರುವುದು ತಡ. ನೀವು ಮಾತ್ರ ದಿನವೂ ಅವಳ ಎದುರಿಗೇ ಇದ್ದೀರಿ. ನಿಮ್ಮ ಆಫೀಸಿನಲ್ಲಿ ಜ್ವರ ಬಂದರೆ ರಜೆಗೆ ಸಂಬಳವಿದೆ, ಹಬ್ಬಕ್ಕೆ ಬೋನಸ್ಸಿದೆ, ವರ್ಷಕ್ಕೊಮ್ಮೆ ಸಂಬಳ ಏರುತ್ತದೆ. ಅವಳು ಜ್ವರದಲ್ಲಿ ಮಲಗಿದ ದಿನ ಮಾತ್ರ ನಿಮ್ಮ ಕ್ಯಾಲೆಂಡರಿನಲ್ಲಿ ಕೆಂಪು ಗುರುತಾಗಿ ಉಳಿಯುತ್ತದೆ. ಉಳಿಸಿ, ಖಂಡಿತ ಉಳಿಸಿ. ಆದರೆ ಅವಳ ಬೆವರಿನಿಂದ ಬೇಡ. ಸೊಪ್ಪಿನವಳ ಬುಟ್ಟಿಯಿಂದಲೂ ಬೇಡ. ಮನೆಗೆ ತರಿಸಿದ ತಿಂಡಿಗೆ ಪ್ಯಾಕಿಂಗಿನ ದುಡ್ಡನ್ನು ಮರುಮಾತಿಲ್ಲದೆ ಕೊಡುವ ಕೈ, ಮಾರದೆ ಉಳಿದರೆ ಸಂಜೆಗೆ ಬಾಡಿಹೋಗುವ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತದೆ.

ಹಾಗಾದರೆ ಎಲ್ಲಿಂದ ಉಳಿಸುವುದು ಎಂದು ನೀವು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಕಸದ ಬುಟ್ಟಿಯಲ್ಲಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಹಾಳಾಗುತ್ತದೆ. ನಾಲ್ಕು ಜನರ ಮನೆಯೆಂದರೆ ಎರಡು ಕ್ವಿಂಟಾಲಿಗೂ ಮಿಕ್ಕಿ. ಇದನ್ನು ಬರೆಯುವಾಗ ನನ್ನ ಮನಸ್ಸು ಕುದಿಯುತ್ತದೆ, ಯಾಕೆಂದರೆ ಏನನ್ನೂ ಬಿಸಾಡದ ವಿದ್ಯೆ ನಮ್ಮ ಅಜ್ಜಿಯರ ಕೈಯಲ್ಲಿ ಸಂಪೂರ್ಣವಾಗಿತ್ತು. ಸೊಪ್ಪು, ಕಾಳು ಬೇಯಿಸಿದ ನೀರನ್ನು ಬಸಿದು ಬಸ್ಸಾರು ಮಾಡಿದರು, ಬೆಂದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ಹೀರೇಕಾಯಿಯ ಸಿಪ್ಪೆ ಚಟ್ನಿಯಾಯಿತು, ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿ ತಿರುಳು ದೋಸೆಯಾಯಿತು, ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಯಿತು, ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿ ಸೇರಿ ದನದ ಪಾಲಾಯಿತು. ಬಡಗಣ ಕರ್ನಾಟಕದಲ್ಲಿ ಹರಿದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿ ಮೂರು ತಲೆಮಾರಿನ ಮಕ್ಕಳನ್ನು ಚಳಿಯಿಂದ ಕಾಯಿತು. ಇವುಗಳಲ್ಲಿ ಯಾವುದಕ್ಕೂ ಯಾರ ಹೊಟ್ಟೆಯೂ ಹಸಿಯಲಿಲ್ಲ.

ಬೇಳೆಯನ್ನು ನೆನೆಸಿ, ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿದರೆ ಗ್ಯಾಸು ಉಳಿಯುತ್ತದೆ. ಏಸಿಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂದು ಸರ್ಕಾರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 18ರಲ್ಲಿಟ್ಟು ಕಂಬಳಿ ಹೊದೆಯುವ ಬದಲು 24ಕ್ಕೆ ಇಡಿ. ಬೆಂಗಳೂರಿನವರಾದರೆ ನಲ್ಲಿ ತಿರುಗಿಸುವಾಗ ನೆನೆಯಿರಿ: ಆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಮೇಲೆತ್ತಿಸಿಕೊಂಡು ಬಂದದ್ದು, ಮತ್ತು 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತ ಬಡಾವಣೆಗಳಲ್ಲಿ ನಿಮ್ಮ ಮನೆಗೆಲಸದಾಕೆಯ ಬೀದಿಯೂ ಇದ್ದಿರಬಹುದು. ಫಿಲ್ಟರಿನಿಂದ ಹೊರಗೆ ಹರಿಯುವ ನೀರಿಗೆ ಒಂದು ಬಕೆಟ್ ಇಟ್ಟರೆ ನೆಲ ಒರೆಸಲು ಸಾಕು.

ನನಗೆ ಎಲ್ಲಕ್ಕಿಂತ ನೋವು ಕೊಡುವುದು ಆ ಮಾತ್ರೆಯ ವಿಚಾರ. ಬಿಪಿ ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದರೆ ಏನಾಗುತ್ತದೆಂದು ನಿಮಗೆ ಗೊತ್ತು; ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈ ಕಾಲು ಬಿದ್ದುಹೋಗಬಹುದು. ಆಮೇಲೆ ಆಸ್ಪತ್ರೆಗೆ ಸುರಿಯುವ ದುಡ್ಡು ಯಾವ ಉಳಿತಾಯದಲ್ಲೂ ಹಿಡಿಯದು. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಮಾತ್ರೆಯ ಅರ್ಧ ಬೆಲೆಗೋ ಇನ್ನೂ ಕಡಿಮೆಗೋ ಸಿಗುತ್ತದೆ. ಮಾವನವರಿಗೆ ಅದು ತಿಳಿಯದು, ತಿಳಿದರೂ ಅಷ್ಟು ದೂರ ನಡೆಯಲಾರರು, ಮತ್ತೆ ಮತ್ತೆ ಕೇಳಿ ಮನೆಯವರಿಗೆ ಹೊರೆಯಾಗಲು ಅವರಿಗೆ ಮನಸ್ಸೂ ಇಲ್ಲ. ನಿಮಗೆ ತಿಳಿದಿದೆ, ನಿಮ್ಮ ಹತ್ತಿರ ಗಾಡಿಯೂ ಇದೆ.

ನೀವು ಕೆಟ್ಟವರಲ್ಲ. ದೇವಸ್ಥಾನದ ಹುಂಡಿಗೆ, ಪಕ್ಕದವರ ಕಷ್ಟಕ್ಕೆ, ಪ್ರವಾಹ ಬಂದ ಊರಿಗೆ ಕೈ ಬಿಚ್ಚಿ ಕೊಟ್ಟವರು ನೀವು. ಅದಕ್ಕೇ ಇಷ್ಟು ಸಲುಗೆಯಿಂದ ಕೇಳುತ್ತಿದ್ದೇನೆ. ಈ ಸಲ ಲೆಕ್ಕಕ್ಕೆ ಕೂತಾಗ ಅಡುಗೆ ಮನೆಯಲ್ಲಿ ನಿಂತವಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮಗಳನ್ನೂ ಕೇಳಿ, ಮೊದಲ ಗೆರೆಯನ್ನು ನಿಮ್ಮ ಸ್ವಂತ ಖರ್ಚಿನ ಮೇಲೆ ಎಳೆಯಿರಿ. ಮಾವನ ಮಾತ್ರೆಯ ಚೀಟಿ ತೆಗೆದುಕೊಂಡು ಹೋಗಿ, ಡಾಕ್ಟರನ್ನು ಒಮ್ಮೆ ಕೇಳಿ, ಇಡೀ ತಿಂಗಳಿನದು ತಂದಿಡಿ. ಹಾಲು ಅರ್ಧ ಲೀಟರ್ ಹೆಚ್ಚು ಹೇಳಿ. ಇಂದು ರಾತ್ರಿ ಬಡಿಸಿಕೊಳ್ಳುವ ಮೊದಲು ಆಕೆಯ ತಟ್ಟೆಯನ್ನೂ ಇಡಿ, ಹೋಳು ಹಾಕಿ. ಮತ್ತು 1ನೇ ತಾರೀಖು ಮನೆಗೆಲಸದಾಕೆ ಬಂದಾಗ, ಮಗುವಿಗೆ ಜ್ವರವೆಂದು ಬರಲಾಗದ ಆ ಎರಡು ದಿನದ್ದನ್ನೂ ಸೇರಿಸಿ ಪೂರ್ತಿ ಸಂಬಳವನ್ನು ಅವಳ ಕೈಗೆ ಕೊಡಿ.