ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಹಿರಿಯರು ಹೇಳುತ್ತಾರೆ. ಅವನು ಕಥೆಗೆ ಕಿವಿಗೊಡನು. ಮೂಟೆ ಬಿಚ್ಚಿಸಿ ಒಳಗೇನಿದೆಯೆಂದು ನೋಡುವನು. ಮೊನ್ನೆ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಪರಿಚಿತರೊಬ್ಬರು ಎದುರಾದಾಗ ಈ ಗಾದೆ ನೆನಪಾಯಿತು.

ಅವರ ಪತ್ನಿಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ, ಸಿಗರೇಟುಗಳನ್ನು ಕೈಯಿಂದ ಮುಟ್ಟಿದವರಲ್ಲ. ಕೆಮ್ಮನ್ನು ಕ್ಷಯವೆಂದೇ ಭಾವಿಸಿ ತಿಂಗಳುಗಳು ಕಳೆದಿದ್ದವು.

"ನೆರೆಮನೆಯವರಿಗೆ ಜೆಫಿಟಿನಿಬ್ ಎಂಬ ಮಾತ್ರೆಯಿಂದ ಗುಣ ಕಂಡಿತಂತೆ, ಸ್ವಾಮಿ. ಇವಳಿಗೂ ಅದನ್ನೇ ಕೊಡಿಸೋಣವೆಂದರೆ, ಗಡ್ಡೆಯ ಚೂರನ್ನು ಪರೀಕ್ಷಿಸುವವರೆಗೆ ಕಾಯಿರಿ ಎನ್ನುತ್ತಾರೆ ಡಾಕ್ಟರು. ಹೇಗೆ ಕಾಯಲಿ?" ಎಂದರು.

ಅವರ ಆತುರ ಸಹಜವಾದುದೇ. ಆದರೂ ಡಾಕ್ಟರ ಮಾತೇ ಸರಿ. ರೋಗದ ಹೆಸರು ಒಂದಾದರೂ ಎಲ್ಲರ ಗಡ್ಡೆಯೂ ಒಂದಲ್ಲ. ಜೀವಕೋಶದ ಮೇಲಿರುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನು, 'ಬೆಳೆ' ಎಂಬ ಆಜ್ಞೆಯನ್ನು ಒಳಗೆ ಮುಟ್ಟಿಸುತ್ತದೆ. ಕೆಲವರ ಗಡ್ಡೆಯಲ್ಲಿ ಅದರ ಜೀನು ಕೆಟ್ಟು, ಆಜ್ಞೆ ನಿಲ್ಲದೆ ಹೊರಡುತ್ತಿರುತ್ತದೆ. ಜೆಫಿಟಿನಿಬ್ ತಡೆಯುವುದು ಇದನ್ನೇ. ಈ ನಂಟು ತಿಳಿದದ್ದು 2004ರಲ್ಲಿ.

ಧೂಮಪಾನ ಮಾಡದವರಲ್ಲಿ ಈ ದೋಷ ಹೆಚ್ಚು; ಹಾಗೆಂದು ಊಹೆಯ ಮೇಲೆ ಮಾತ್ರೆ ಕೊಡಬಹುದೆ? ಏಷ್ಯದ ಹಲವು ದೇಶಗಳ 1,217 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಉತ್ತರವಿತ್ತಿತು. ಅವರಲ್ಲಿ ಬಹುಮಂದಿ ಎಂದೂ ಧೂಮಪಾನ ಮಾಡದವರು. ಜೆಫಿಟಿನಿಬ್ ಸೇವಿಸಿದವರ ಪೈಕಿ, ಜೀನಿನ ದೋಷವಿದ್ದ ನೂರರಲ್ಲಿ 71 ಮಂದಿಯ ಗಡ್ಡೆ ಕುಗ್ಗಿತು; ದೋಷವಿಲ್ಲದ ನೂರರಲ್ಲಿ ಕುಗ್ಗಿದ್ದು ಒಬ್ಬರದು. ದೋಷವಿಲ್ಲದವರಲ್ಲಿ ಮಾತ್ರೆಯು ರೋಗವನ್ನು ತಡೆದದ್ದು ಸುಮಾರು ಒಂದೂವರೆ ತಿಂಗಳು. ಕೀಮೋಥೆರಪಿಯಾದರೋ ಐದೂವರೆ ತಿಂಗಳು ತಡೆದಿತ್ತು. ಊಹೆ ತಪ್ಪಿದರೆ ರೋಗಿಗೆ ನಷ್ಟವಾಗುವುದು ಈ ತಿಂಗಳುಗಳೇ.

ಗುರುತು ಸಿಕ್ಕಿತೆಂದರೆ ರೋಗ ವಾಸಿಯಾಯಿತೆಂದಲ್ಲ. ಕಾಲಕ್ರಮದಲ್ಲಿ ಗಡ್ಡೆಯು ಮಾತ್ರೆಯನ್ನೂ ಮೀರಿ ಬೆಳೆಯುತ್ತದೆ. ಆದರೆ ಔಷಧಗಳೂ ಮುಂದುವರಿದಿವೆ. ಈ ದೋಷವುಳ್ಳವರಲ್ಲಿ, ರೋಗ ಹರಡಿದ ಬಳಿಕವೂ, ಹಳೆಯ ಮಾತ್ರೆಗಳನ್ನು ಪಡೆದವರ ಬದುಕಿನ ಮಧ್ಯಮಾವಧಿ 31.8 ತಿಂಗಳಾಗಿದ್ದರೆ, ಆಸಿಮೆರ್ಟಿನಿಬ್ ಪಡೆದವರದು 38.6 ತಿಂಗಳೆಂದು 2019ರಲ್ಲಿ ಪ್ರಕಟವಾಯಿತು.

ಆದುದರಿಂದ ವಾಚಕರೆ, ನಿಮ್ಮವರಿಗೆ ಇಂಥ ರೋಗ ಬಂದಾಗ ನೆರೆಮನೆಯ ಮಾತ್ರೆಯ ಹೆಸರು ಕೇಳಬೇಡಿ, "ಗಡ್ಡೆಯ ಜೀನು ಪರೀಕ್ಷೆಯ ವರದಿ ಬಂದಿತೆ?" ಎಂದು ಡಾಕ್ಟರನ್ನು ಕೇಳಿ. ಕಾಯಲಾಗದಷ್ಟು ರೋಗ ಉಲ್ಬಣಿಸಿದ್ದರೆ ಏನು ಮಾಡಬೇಕೆಂಬುದನ್ನೂ ಅವರೇ ಬಲ್ಲರು.

ನನ್ನ ಪರಿಚಿತರು ಕ್ಷಣಕಾಲ ಸುಮ್ಮನಿದ್ದು, "ಹಾಗಾದರೆ ಕಾಯುತ್ತೇನೆ" ಎಂದು ಬಸ್ಸು ಹತ್ತಿದರು.