ಕೊಬ್ಬರಿಗೆ ಅಟ್ಟವುಂಟು, ಕೂಲಿಗೆ ಸೂರಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಮಳೆ ತಾಗದಂತೆ ಅಟ್ಟದ ಮೇಲೆ ಇರಬೇಕು. ಇದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಾಯಿಯನ್ನು ಕೆಡವಿದವನು, ಸುಲಿದವನು, ಮಟ್ಟೆಯಿಂದ ನಾರು ತೆಗೆದವಳು, ಇವರು ಅಷ್ಟು ತಿಂಗಳು ಒಂದೇ ಸೂರಿನಡಿ ಇರುತ್ತಾರೆಂದು ಯಾರು ಭರವಸೆ ಕೊಡಬಲ್ಲರು?

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಹಾಜರಿ ಪುಸ್ತಕದಿಂದ ಕೆಲವು ಹೆಸರುಗಳನ್ನು ಹೊಡೆದುಹಾಕಬೇಕಾಗುತ್ತಿತ್ತು. ಕಾರಣ 'ಊರು ಬಿಟ್ಟರು' ಎಂದು ಬರೆಯುತ್ತಿದ್ದೆವು. ಒಮ್ಮೆ ವಿಚಾರಿಸಲು ಹೋದೆವು. ತೋಟ ಕಾಯುತ್ತಿದ್ದ ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಕೆಲಸ ಹೋಯಿತು, ಕೆಲಸದೊಡನೆ ತೋಟದೊಳಗಿನ ಶೆಡ್ಡೂ ಹೋಯಿತು. ಅವರು ಊರು ಬಿಟ್ಟಿರಲಿಲ್ಲ, ಊರೇ ಅವರನ್ನು ಬಿಟ್ಟಿತ್ತು.

2011ರ ಜನಗಣತಿಯಲ್ಲಿ ದೇಶದ ವಸತಿಹೀನರು 17 ಲಕ್ಷ 70 ಸಾವಿರಕ್ಕೂ ಹೆಚ್ಚು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ರಸ್ತೆಯ ಬದಿ, ರೈಲ್ವೆ ಪ್ಲಾಟ್‌ಫಾರಂ, ಗುಡಿಯ ಮಂಟಪಗಳಲ್ಲಿ ರಾತ್ರಿ ಮಲಗಿದವರ ಲೆಕ್ಕ ಅದು. ತೋಟದ ಶೆಡ್ಡಿನ ಸಂಸಾರಕ್ಕೆ ತಲೆಯ ಮೇಲೆ ತಗಡು ಉಂಟಲ್ಲ! ಆದ್ದರಿಂದ ಅದು ಆ ಲೆಕ್ಕಕ್ಕೆ ಬಾರದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂತು. ಬಯಲು ಸೀಮೆಯ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಿತು. ಕಟ್ಟಲು ನೆಲವೇ ಇಲ್ಲದವನು ಆ ಹಣವನ್ನು ಎಲ್ಲಿ ನೆಡಬೇಕು?

ಆದ್ದರಿಂದ ಪ್ರಶ್ನೆ ಮನೆಯದಲ್ಲ, ಮನೆಯ ಕೆಳಗಿನ ನೆಲದ್ದು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಸಮಾಜವಾದಿಗಳು ಗೇಣಿದಾರರೊಡನೆ ನಿಂತರು; ಉಳುವವನೇ ಹೊಲದೊಡೆಯನೆಂಬ ಮಾತು 1974ರ ಭೂಸುಧಾರಣೆಯವರೆಗೆ ನಡೆದುಬಂತು. ವಾಸಿಸುವವನೇ ಮನೆಯೊಡೆಯನೆಂಬ ಮಾತಿಗೆ ಭೂಸುಧಾರಣಾ ಕಾಯಿದೆಯ 38-ಎ ಕಲಮು ದಾರಿ ಮಾಡಿತು. ಅದರಿಂದ ದಾಖಲೆಯಿಲ್ಲದ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ಹೆಸರು ಕಾನೂನಿನ ಪುಸ್ತಕ ಸೇರಿತು. 2023ರ ಜನವರಿಯಲ್ಲಿ ಕಲಬುರಗಿ ಮೊದಲಾದ ಐದು ಜಿಲ್ಲೆಗಳ ತಾಂಡಾಗಳ ಸುಮಾರು 50 ಸಾವಿರ ಸಂಸಾರಗಳಿಗೆ ಹಕ್ಕುಪತ್ರ ಸಿಕ್ಕಿತು. ಒಳ್ಳೆಯದೇ. ಆದರೆ ಒಟ್ಟಾಗಿ ಇರುವವರು ಕೂಗಿದರೆ ಕೇಳೀತು. ತೋಟಕ್ಕೊಂದರಂತೆ ಚದರಿಹೋದ ಒಂಟಿ ಸಂಸಾರದ ಕೂಗು ಯಾರಿಗೆ ಕೇಳೀತು?

ಇಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಕೆಲಸವಿದೆ. 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಅವರು ಹಳ್ಳಿಗೆ ಬರುತ್ತಾರೆ. ಸಮಾಜಕಾರ್ಯ ಓದುವವರು ಸಮೀಕ್ಷೆಗೆ ಬರುತ್ತಾರೆ. 'ಮನೆ ಇದೆಯೇ?' ಎಂದು ಕೇಳಿ 'ಇದೆ' ಎಂದು ಬರೆದುಕೊಂಡು ಹೋದರೆ ಅದು ಸಂಶೋಧನೆಯಲ್ಲ, ನಕಲು. ನೆಲ ಯಾರದು, ಐದು ವರ್ಷದಲ್ಲಿ ಎಷ್ಟು ಸಲ ಸಾಮಾನು ಕಟ್ಟಿದಿರಿ, ಕೆಲಸ ತಪ್ಪಿದರೆ ಎಲ್ಲಿ ಮಲಗುವಿರಿ, ಪಡಿತರ ಚೀಟಿ ಯಾವ ಊರಿನದು, ಇವನ್ನು ಕೇಳಲಿ.

ಒಂದು ಎಚ್ಚರಿಕೆ. ತೋಟದ ಯಜಮಾನರ ಮುಂದೆ ಕೇಳಬಾರದು. ಹೆಸರು ಬರೆದರೆ ಜಮೀನು ಹೋದೀತೆಂದು ಹೆದರಿ ಮಾರನೆಯ ದಿನವೇ ಆ ಸಂಸಾರವನ್ನು ಹೊರಡಿಸುವವರುಂಟು. ವಿದ್ಯಾರ್ಥಿಗೆ ಅಂಕ, ಕೂಲಿಯವನಿಗೆ ಬೀದಿ ಎಂದಾಗಬಾರದು. ಎಲ್ಲ ಯಜಮಾನರೂ ಅಂಥವರೆಂದು ನಾವು ಹೇಳುವುದಿಲ್ಲ. ಕೊಬ್ಬರಿ ಬೆಲೆ ಕುಸಿದಾಗ ಸಣ್ಣ ತೋಟದವರ ಪಾಡೂ ನಮಗೆ ಗೊತ್ತು. ಅದಕ್ಕಾಗಿಯೇ ಅವರ ನೆಲ ಕೇಳುತ್ತಿಲ್ಲ. ಊರಿನ ಸರ್ಕಾರಿ ಜಾಗದಲ್ಲಿ ಈ ಸಂಸಾರಗಳಿಗೆ ಮೊದಲು ನಿವೇಶನ, ಆಮೇಲೆ ಮನೆ ಎಂದು ಕೇಳುತ್ತಿದ್ದೇವೆ.

ವ್ಯಾಪಾರಿ ಬಂಧುಗಳೇ, ಯಾವ ಸಂಸಾರ ಯಾವಾಗ ಕಾಣೆಯಾಯಿತೆಂಬುದು ನಿಮ್ಮ ಉದ್ದರಿ ಪುಸ್ತಕಕ್ಕೆ ಗೊತ್ತು. ಮಿಲ್ಲಿನ ಕಾರ್ಮಿಕರೇ, ಬಾಡಿಗೆ ತಪ್ಪಿದ ತಿಂಗಳು ಹೇಗಿರುತ್ತದೆಂಬುದು ನಿಮಗೆ ಗೊತ್ತು. ಮನೆ ಕೊಡಬೇಕಾದವರ ಪಟ್ಟಿ ಆರಿಸುವುದು ಗ್ರಾಮಸಭೆ. ವಿದ್ಯಾರ್ಥಿಗಳ ವರದಿ ಕಾಲೇಜಿನ ಬೀರುವಿನಲ್ಲಿ ಧೂಳು ತಿನ್ನದೆ ಆ ಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಓದುವ ದಿನ ನಾವೂ ನೀವೂ ಅಲ್ಲಿ ಕೂತಿರಬೇಕು.