ನಾಯಿಗೂ ಒಂದು ಪಟ್ಟಿ

"ಏನ್ರೀ, ಈಗ ನಾಯಿಗೂ ಪಟ್ಟಿ ಎತ್ತಾಕ ಹೊಂಟೀರೇನು?" ಅಂತ ನನ್ನ ಹೆಂಡತಿ ಕೇಳಿದಾಗ ರಾತ್ರಿ ಹತ್ತೂವರೆ. ಹೌದು ಅನ್ನಲು ನನಗೂ ಸ್ವಲ್ಪ ನಾಚಿಕೆಯೇ ಆಗಿತ್ತು. ವಂತಿಗೆ ಕೂಡಿಸುವುದಕ್ಕೆ ನಮ್ಮ ಗದಗಿನ ಕಡೆ ಪಟ್ಟಿ ಎತ್ತೋದು ಅಂತಾರೆ. ಪುಣೆಯಲ್ಲಿ ಅದು ವರ್ಗಣಿ. ಇಪ್ಪತ್ತಾರು ವರ್ಷದಿಂದ ಈ ಊರಲ್ಲಿದ್ದೇನೆ, ಅದರಲ್ಲಿ ಹದಿನೆಂಟು ವರ್ಷ ಧನಕವಡಿಯಲ್ಲಿ. ಪ್ರತಿ ವರ್ಷ ಗಣಪತಿ ಮಂಡಳದ ಹುಡುಗರಿಗೆ ತಕರಾರಿಲ್ಲದೆ ವರ್ಗಣಿ ಕೊಟ್ಟು ಪಾವತಿ ಹರಿಸಿಕೊಂಡಿದ್ದೇನೆ. ಆದರೆ ನಾನೇ ಇನ್ನೊಬ್ಬರ ಮುಂದೆ ಕೈ ಚಾಚಿದ್ದು ಇದೇ ಮೊದಲು. ಅದೂ ಬೀದಿನಾಯಿಗೆ!

ನಾಯಿಯ ಹೆಸರು ಕಾಳ್ಯಾ. ಪುಣೆಯಲ್ಲಿ ಕಪ್ಪು ನಾಯಿಗೆ ಬೇರೆ ಹೆಸರು ಇಡೋದೇ ಇಲ್ಲ ಅಂತ ಕಾಣುತ್ತದೆ. ನಮ್ಮ ಗಲ್ಲಿಯ ತಿರುವಿನ ಕಿರಾಣಿ ಅಂಗಡಿಯ ಕಟ್ಟೆ ಅವನ ಜಾಗ. ಕಳೆದ ಮಳೆಗಾಲದ ಒಂದು ಸಂಜೆ ಎದುರುಮನೆ ಕಾಕೂ ಬಂದು, ಕಾಳ್ಯಾ ಎರಡು ದಿನದಿಂದ ಪೋಳಿ ಮುಟ್ಟಿಲ್ಲ, ಈಗ ಏಳುತ್ತಲೂ ಇಲ್ಲ ಅಂದರು. ಹೋಗಿ ತುಟಿ ಎತ್ತಿ ನೋಡಿದರೆ ವಸಡು ಕಾಗದದ ಹಾಗೆ ಬಿಳುಚಿಕೊಂಡಿತ್ತು. ಕಿವಿಯೊಳಗೆ ಗೊಂಚಲು ಗೊಂಚಲು ಉಣ್ಣಿ. ಟೆಂಪೋ ಮಾಡಿ ಸಾತಾರಾ ರಸ್ತೆ ದಾಟಿ ಒಂದು ದವಾಖಾನೆಗೆ ಒಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಎರ್ಲಿಕಿಯಾ ಅಂದರು. ಉಣ್ಣಿಯಿಂದ ಹರಡುವ ಜ್ವರ. ಪ್ಲೇಟ್‌ಲೆಟ್ ಕುಸಿದಿದೆ, ರಕ್ತ ಕೊಡಬೇಕು, ಸದ್ಯಕ್ಕೆ ಹದಿನೈದು ಸಾವಿರ ಹಿಡಿದುಕೊಳ್ಳಿ ಅಂದರು. ಅವರನ್ನು ದೂರುವುದಿಲ್ಲ. ಔಷಧಿ ಅಂಗಡಿಯವನೇನು ಬೀದಿನಾಯಿ ಅಂತ ಅವರಿಗೆ ಪುಕ್ಕಟೆ ಕೊಡುತ್ತಾನೆಯೇ?

ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮೊದಲು ಸಾದಾ ಮಾತಲ್ಲಿ ಬರೆದೆ: ಕಾಳ್ಯಾಗೆ ಹುಷಾರಿಲ್ಲ, ಇಷ್ಟು ಖರ್ಚಿದೆ, ಆದಷ್ಟು ಕೊಡಿ. ಒಂದು ತಾಸಿನಲ್ಲಿ ಮೂವರು ಕೊಟ್ಟರು. ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಎರಡನೇ ಮಹಡಿಯ ಹುಡುಗಿ, ಡ್ರಿಪ್ ಹಾಕಿಸಿಕೊಂಡು ಕಣ್ಣು ಅರ್ಧ ಮುಚ್ಚಿ ಮಲಗಿದ ಕಾಳ್ಯಾನ ಫೋಟೋ ಹಾಕಿದಳು ನೋಡಿ, ಬೆಳಗಾಗುವುದರೊಳಗೆ ಹತ್ತೊಂಬತ್ತು ಸಾವಿರ ದಾಟಿತ್ತು! ಒಟ್ಟು ನಲವತ್ತೊಂದು ಜನರಿಂದ 23,400 ರೂಪಾಯಿ. ಹೆಸರೇ ಗೊತ್ತಿಲ್ಲದವರು, ಬಾಲಾಜಿನಗರದಿಂದ, ಪದ್ಮಾವತಿಯಿಂದ ಹಾಕಿದ್ದರು.

ದುಡ್ಡು ಬಂತು, ರಕ್ತ? ಅದು ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ಆವತ್ತೇ ತಿಳಿದದ್ದು. 2024ರ ಜೂನ್‌ನಲ್ಲಿ ರತನ್ ಟಾಟಾ ಇನ್‌ಸ್ಟಾಗ್ರಾಮ್‌ನಲ್ಲಿ ಮುಂಬೈ ಜನರನ್ನು ಒಂದು ಸಹಾಯ ಕೇಳಿದ್ದು ನಿಮಗೆ ನೆನಪಿರಬಹುದು. ಏಳು ತಿಂಗಳ ನಾಯಿಯೊಂದಕ್ಕೆ ಇದೇ ಉಣ್ಣಿ ಜ್ವರದ ಶಂಕೆ, ವಿಪರೀತ ರಕ್ತಹೀನತೆ, ರಕ್ತ ಕೊಡುವ ನಾಯಿ ಬೇಕು ಅಂತ. ದಾನಿಗಳು ಸಿಕ್ಕರು, ಅವರು ಧನ್ಯವಾದವನ್ನೂ ಬರೆದರು. ಅದರ ಮರುತಿಂಗಳೇ ಮುಂಬೈಯ ಮಹಾಲಕ್ಷ್ಮಿಯಲ್ಲಿ ಅವರ ಕನಸಿನ, 165 ಕೋಟಿ ವೆಚ್ಚದ ಪ್ರಾಣಿ ಆಸ್ಪತ್ರೆ ಬಾಗಿಲು ತೆರೆಯಿತು. ಆ ಅಕ್ಟೋಬರಿನಲ್ಲಿ ಅವರೇ ಹೋಗಿಬಿಟ್ಟರು. ಅಂಥವರೇ ಕೇಳಿ ಪಡೆಯಬೇಕಾಯಿತು ಅಂದಮೇಲೆ ನಮ್ಮದೇನು? ಕೊಡುವ ನಾಯಿಗೆ ಇಪ್ಪತ್ತೈದು ಕಿಲೋವಾದರೂ ತೂಕವಿರಬೇಕು, ಲಸಿಕೆ ಆಗಿರಬೇಕು. ಮೊದಲ ಸಲ ರಕ್ತ ಕೊಡುವಾಗ ಗುಂಪು ಹೊಂದದಿದ್ದರೂ ನಾಯಿಗಳಲ್ಲಿ ಸಾಮಾನ್ಯವಾಗಿ ನಡೆದುಹೋಗುತ್ತದಂತೆ, ಎರಡನೇ ಸಲಕ್ಕೆ ಮಾತ್ರ ಹೊಂದಿಸಿ ನೋಡಲೇಬೇಕು. ಭಾರತಿ ವಿದ್ಯಾಪೀಠದಲ್ಲಿ ಓದುವ ಹುಡುಗನೊಬ್ಬ ತನ್ನ ಲ್ಯಾಬ್ರಡಾರ್ ಕರೆದುಕೊಂಡು ರಾತ್ರಿ ಒಂದು ಗಂಟೆಗೆ ಬಂದ. ಆ ನಾಯಿಯೋ, ಕುತ್ತಿಗೆಗೆ ಸೂಜಿ ಚುಚ್ಚಿದರೂ ಬಾಲ ಅಲ್ಲಾಡಿಸುತ್ತಿತ್ತು.

ಮೂರನೇ ದಿನ ನಸುಕಿನಲ್ಲಿ ಕಾಳ್ಯಾ ಸತ್ತ.

ಅಳುವ ಪ್ರಸಂಗ ಅಲ್ಲಿಗೆ ಮುಗಿಯಿತು. ನಾನು ಹೇಳಬೇಕು ಅಂತ ಕೂತಿರುವುದು ಆಮೇಲಿನದು. ಪರೀಕ್ಷೆ, ದಾಖಲಾತಿ 3,800. ರಕ್ತಕ್ಕೆ 6,500. ಡ್ರಿಪ್, ಔಷಧಿ 4,250. ಟೆಂಪೋ 900. ಅಂತ್ಯಸಂಸ್ಕಾರ 1,500. ಒಟ್ಟು 16,950. ನನ್ನ ಖಾತೆಯಲ್ಲಿ ಊರವರ 6,450 ರೂಪಾಯಿ ಉಳಿದುಬಿಟ್ಟಿತು. ಲೆಕ್ಕ, ರಸೀದಿ ಎಲ್ಲ ಗುಂಪಿಗೆ ಹಾಕಿದೆ. ಒಬ್ಬರು ಕೇಳಿದರು: "ಕಾಕಾ, ನಾನು ಕೊಟ್ಟದ್ದು ಕಾಳ್ಯಾಗೆ. ಅವನಿಲ್ಲ. ನನ್ನ ಐನೂರು ವಾಪಸ್ ಕೊಡಿ." ಗುಂಪಿನಲ್ಲಿ ಎಲ್ಲರೂ ಅವರ ಮೇಲೆ ಮುಗಿಬಿದ್ದರು. ಮನುಷ್ಯತ್ವ ಇಲ್ಲವೇ, ಐನೂರಕ್ಕೆ ಬಾಯಿ ಬಿಡುತ್ತೀರಾ ಅಂತ. ನನಗೂ ಮೊದಲು ಸಿಟ್ಟೇ ಬಂತು. ಒಂದು ಲೋಟ ಚಹಾ ಕುಡಿದು ಯೋಚಿಸಿದರೆ ಅವರದೇ ಸರಿ ಅನಿಸಿತು. ನಾಯಿ ಬದುಕದಿದ್ದರೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾನು ಮೊದಲೇ ಹೇಳಿರಲಿಲ್ಲವಲ್ಲ! ತಪ್ಪು ನನ್ನದು. ಅವರಿಗೆ ಐನೂರು, ಅವರನ್ನು ನೋಡಿ ಕೇಳಿದ ಇನ್ನೊಬ್ಬರಿಗೆ ಸಾವಿರ ವಾಪಸ್ ಕೊಟ್ಟೆ. ಉಳಿದದ್ದು 4,950.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ನಾಯಿಗಾಗಿ ದುಡ್ಡು ಕೇಳುವ ಸಂದೇಶ ಈಗ ದಿನಕ್ಕೊಂದು ಬರುತ್ತದೆ. ಬೆಂಗಳೂರಿನ ಮಿಲಾಪ್, ಮುಂಬೈಯ ಕೆಟ್ಟೋದಂಥ ತಾಣಗಳಲ್ಲೂ ಇರುತ್ತದೆ, ಖಾಸಗಿ ನಂಬರುಗಳಿಗೂ ಇರುತ್ತದೆ. 80ಜಿ ಮಾನ್ಯತೆಯಿರುವ ಸಂಸ್ಥೆಗೆ ಕೊಟ್ಟರೆ ರಸೀದಿ ಸಿಗುತ್ತದೆ. ನನ್ನಂಥವನ ನಂಬರಿಗೆ ಕೊಟ್ಟರೆ ನನ್ನ ಮಾತೇ ರಸೀದಿ. ಹಾಗಿರುವಾಗ ಲೆಕ್ಕ ಕೇಳಿದವರನ್ನು ಕಟುಕರು ಅಂದರೆ ಮುಂದಿನ ಸಲ ಯಾರೂ ಕೊಡುವುದಿಲ್ಲ, ಕೊಡಲೂಬಾರದು.

"ಮನುಷ್ಯರಿಗೇ ಔಷಧಿಗೆ ದುಡ್ಡಿಲ್ಲ, ನಿಮಗೆ ನಾಯಿ ಚಿಂತೆ" ಅಂದವರೂ ಇದ್ದರು. ಆ ಮಾತನ್ನು ತಳ್ಳಿಹಾಕುವಷ್ಟು ದೊಡ್ಡವನು ನಾನಲ್ಲ. ನಾಯಿ ಕಚ್ಚಿಸಿಕೊಂಡ ಮಗುವಿನ ತಂದೆಯ ಎದುರು ಕಾಳ್ಯಾನ ಗುಣಗಾನ ಮಾಡಲು ನನಗೆ ಬಾಯಿ ಬರುವುದಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿ ಸುತ್ತಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಅಂದಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಸಂತಾನಹರಣ ಮಾಡಿ ಲಸಿಕೆ ಹಾಕಿದ ಮೇಲೆ, ಹುಚ್ಚು ಅಥವಾ ಆಕ್ರಮಣಕಾರಿ ಅಲ್ಲದವನ್ನು ಇದ್ದಲ್ಲಿಗೇ ಬಿಡಿ ಅಂದಿತು. ಎರಡೂ ದಿನ ನಮ್ಮ ಸೊಸೈಟಿಯಲ್ಲಿ ಮಹಾಯುದ್ಧ! 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ನೋಡಿದರೆ ಊಟ ಹಾಕುವ ಜಾಗದ ವ್ಯವಸ್ಥೆ ನಿವಾಸಿಗಳ ಸಂಘದ್ದು, ಸಂತಾನಹರಣದ ಹೊಣೆ ಸ್ಥಳೀಯ ಸಂಸ್ಥೆಯದ್ದು. ರಾತ್ರಿ ಹತ್ತೂವರೆಗೆ ಬಿಳುಚಿದ ವಸಡಿನ ಹೊಣೆ ಮಾತ್ರ ಯಾರು ನೋಡಿದರೋ ಅವರದ್ದು.

ಮನುಷ್ಯರಿಗೋ ನಾಯಿಗೋ ಅನ್ನುವ ಜಗಳಕ್ಕೆ ನಮ್ಮ ಹಿರಿಯರು ಕೂತಂತೆ ಕಾಣೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಓದಿದವರಿಗೆ ಗೊತ್ತು. ಕ್ರಿ.ಶ. 949ರ ಸುಮಾರು ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕು ಅಂದರೆ, ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಅಂತ ಕಟ್ಟು ಹಾಕಿಸಿದ. ನಾಯಿ ಸತ್ತ ಮೇಲೂ ಯಾವ ಭೂಮಿ, ಯಾರ ಹೊಣೆ ಎಲ್ಲ ಬರೆದಿಟ್ಟಿದ್ದಾರೆ! ನನ್ನ ವಾಟ್ಸಾಪ್ ಸಂದೇಶದಲ್ಲಿ ಇಲ್ಲದ್ದು ಅದೇ. ಇಲ್ಲಿಯವರಿಗೂ ನಾಯಿ ಹೊಸದಲ್ಲ. ಧನಕವಡಿಯ ಶಂಕರ ಮಹಾರಾಜರ ಮಠಕ್ಕೆ ಬರುವ ಭಕ್ತರಲ್ಲಿ ಎಷ್ಟೋ ಜನ ನಮ್ಮ ಗಾಣಗಾಪುರಕ್ಕೂ ಹೋಗಿಬರುವವರು. ಅವರ ಮನೆಯ ದತ್ತನ ಪಟದಲ್ಲಿ ನಾಲ್ಕು ನಾಯಿ ಇದ್ದೇ ಇರುತ್ತವೆ.

ಇಷ್ಟಾದರೂ ಒಂದು ತಿಂಗಳ ನಂತರ ಇನ್ನೊಂದು ಸಂದೇಶ ಹಾಕಿದೆ. ಗಲ್ಲಿಯಲ್ಲಿ ಉಳಿದ ಐದು ನಾಯಿಗಳಿಗೆ ಉಣ್ಣಿ ಔಷಧಿ, ರೇಬಿಸ್ ಲಸಿಕೆ ಹಾಕಿಸೋಣ, ತಲೆಗೆ ನೂರು ರೂಪಾಯಿ ಅಂತ. ಎಷ್ಟು ಜನ ಕೊಟ್ಟರು ಹೇಳಿ? ಒಬ್ಬರೂ ಇಲ್ಲ. ಕೈಮುಗಿದ ಚಿತ್ರವೂ ಬರಲಿಲ್ಲ. ಫೋಟೋದಲ್ಲಿ ನಾಯಿಗಳು ಗಟ್ಟಿಮುಟ್ಟಾಗಿ ಬಿಸಿಲು ಕಾಯುತ್ತಿದ್ದವಲ್ಲ! ಎರ್ಲಿಕಿಯಾ ಬೇಗ ಗೊತ್ತಾದರೆ ಬಹಳ ಸಲ ಡಾಕ್ಸಿಸೈಕ್ಲಿನ್ ಮಾತ್ರೆಗೇ ಬಗ್ಗುವ ರೋಗ. ಕಿವಿಯ ಉಣ್ಣಿ ತೆಗೆದಿದ್ದರೆ ಬರುತ್ತಲೇ ಇರಲಿಲ್ಲವೋ ಏನೋ. ಹದಿನೇಳು ಸಾವಿರ ಸುರಿದದ್ದು ನಾವು ತಡಮಾಡಿದ್ದಕ್ಕೆ ಕಟ್ಟಿದ ದಂಡ ಅಂತಲೇ ನನ್ನ ಅಭಿಪ್ರಾಯ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ ಕಟ್ಟೆಯ ಮೇಲೆ ಅವನು ಕಿವಿ ಕೆರೆದುಕೊಳ್ಳುವುದನ್ನು ದಿನಾ ಹಾಲು ತರುವಾಗ ನೋಡಿದವನೇ ನಾನು.

ಅದಕ್ಕೇ ಈಗ ಕಾಕೂ ಒಂದು ಭಿಶಿ ಶುರು ಮಾಡಿದ್ದಾರೆ. ಭಿಶಿ ಅಂದರೆ ಚೀಟಿ. ಇಲ್ಲೂ, ನಮ್ಮ ಧಾರವಾಡ ಬೆಳಗಾವಿ ಕಡೆಯೂ ಹೆಂಗಸರು ನಡೆಸುತ್ತಾರೆ. ತಿಂಗಳಿಗೆ ತಲಾ ಐವತ್ತು. ಯಾರಿಗೂ ಚೀಟಿ ಎತ್ತುವುದಿಲ್ಲ, ನಾಯಿ ಮಲಗಿದಾಗ ಮಾತ್ರ ಎತ್ತುವುದು. ನಾಯಿ ಸತ್ತರೆ ಉಳಿದದ್ದು ಮುಂದಿನ ನಾಯಿಗೆ ಅಂತ ಮೊದಲ ಪುಟದಲ್ಲೇ ಬರೆಸಿದ್ದೇನೆ. ಐನೂರು ವಾಪಸ್ ಕೇಳಿದವರನ್ನೇ ಲೆಕ್ಕ ನೋಡಲು ಕೂರಿಸಿದ್ದೇವೆ, ಅವರಷ್ಟು ಕಟ್ಟುನಿಟ್ಟಿನವರು ಬೇರೆ ಯಾರಿದ್ದಾರೆ? ಸದ್ಯಕ್ಕೆ ಒಂಬತ್ತು ಮನೆ ಸೇರಿವೆ. ಕಾಳ್ಯಾನ 4,950ರಲ್ಲಿ ಐದು ನಾಯಿಗಳ ಲಸಿಕೆ, ಉಣ್ಣಿ ಔಷಧಿಗೆ 3,640 ಹೋಯಿತು. 1,310 ಉಳಿದಿದೆ. ಐದರಲ್ಲಿ ಒಂದು ಕೆಂಚು ಹೆಣ್ಣುನಾಯಿಗೆ ಇನ್ನೂ ಆಪರೇಷನ್ ಆಗಿಲ್ಲ. ಅದನ್ನು ಹಿಡಿಯಲು ಪಾಲಿಕೆಗೆ ಫೋನು ಮಾಡಿದ್ದೇವೆ, ಈ ವಾರ ಬರುತ್ತೇವೆ ಅಂದಿದ್ದಾರೆ.